ತೆಂಗಿನಕಾಯಿಯ ಗುಣವನ್ನು ಕೊಳ್ಳುವವರು ಅಳೆಯುವ ಬಗೆ

ಮಾವು, ಬಾಳೆ, ಸೀಬೆ ಮುಂತಾದ ಹಣ್ಣುಗಳನ್ನು ಗ್ರಾಹಕರು ಬಣ್ಣ ನೋಡಿ, ಮೂಸಿ, ಮೆಲ್ಲಗೆ ಒತ್ತಿ ಕೊಳ್ಳುತ್ತಾರೆ. ತೆಂಗಿನಕಾಯಿಯ ತಿರುಳಾದರೋ ಚಿಪ್ಪಿನೊಳಗೆ ಅಡಗಿರುತ್ತದೆ. ಆದ್ದರಿಂದ ಇಲ್ಲಿ ಕಣ್ಣಿನ ಜೊತೆಗೆ ಕಿವಿಯೂ ಬೇಕು. ಬೋರನಕಣಿವೆಯ ಆಸುಪಾಸು ಹಾಗೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಒಂದೇ ಮರದ ಫಲವು ಎಳನೀರು, ಬಲಿತ ಕಾಯಿ ಮತ್ತು ಉಂಡೆ ಕೊಬ್ಬರಿಯಾಗಿ ಮಾರಾಟವಾಗುತ್ತದೆ. ಅಲ್ಲಾಡಿಸಿದಾಗ ಬರುವ ಸದ್ದಿಗೆ ಈ ಮೂರರಲ್ಲೂ ಬೇರೆ ಬೇರೆ ಅರ್ಥವಿದೆ.

ಎಳನೀರು: ಸುಮಾರು 7 ತಿಂಗಳ ಕಾಯಿಯಲ್ಲಿ ನೀರು ತುಂಬಿದ್ದು ಸಿಹಿಯಾಗಿರುತ್ತದೆ. ಅಲ್ಲಾಡಿಸಿದರೆ ಸದ್ದು ಬರುವುದಿಲ್ಲ. ಕುಲುಕುವ ಸದ್ದು ಬಂದರೆ ಕಾಯಿ ಬಲಿಯುತ್ತಿದೆ, ನೀರು ಇಳಿದಿದೆ ಎಂದು ತಿಳಿಯಬೇಕು. 1990ರ ದಶಕದ ಕೊನೆಯಲ್ಲಿ ರಾಜ್ಯಕ್ಕೆ ಕಾಲಿಟ್ಟ ನುಸಿ ಪೀಡೆಯಿಂದ ಸಿಪ್ಪೆಯ ಮೇಲೆ ಕಂದು ಕಲೆಗಳಾಗುತ್ತವೆ. ಕಲೆ ಮೇಲ್ಮೈಯಲ್ಲಷ್ಟೇ ಇದ್ದರೂ ಗ್ರಾಹಕರು ಅಂತಹ ಕಾಯಿಯನ್ನು ಬದಿಗಿಡುತ್ತಾರೆ.

ಬಲಿತ ಕಾಯಿ: 11-12 ತಿಂಗಳು ಬಲಿತ ಕಾಯಿಯಲ್ಲಿ ನೀರಿನ ಸದ್ದು ಕೇಳಿಸಲೇಬೇಕು. ಸದ್ದಿಲ್ಲದೆ ಹಗುರವಾಗಿದ್ದರೆ ಚಿಪ್ಪು ಬಿರಿದು ನೀರು ಸೋರಿರಬಹುದು. ಕಣ್ಣುಗಳ ಬಳಿ ತೇವ ಅಥವಾ ಬೂಷ್ಟು ಕಂಡರೆ ಗೃಹಿಣಿಯರು ಮುಟ್ಟುವುದಿಲ್ಲ. ಸುಲಿಯುವಾಗ ಜುಟ್ಟು ಉಳಿಸಿದರೆ ಕಣ್ಣುಗಳಿಗೆ ರಕ್ಷಣೆ ದೊರೆಯುತ್ತದೆ.

ಉಂಡೆ ಕೊಬ್ಬರಿ: ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹಲವು ತಿಂಗಳು, ಸಾಮಾನ್ಯವಾಗಿ 8ರಿಂದ 12 ತಿಂಗಳು ಇಟ್ಟಾಗ ನೀರು ಆರುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಆಗ ಒಳಗೆ ಉಂಡೆ ಉರುಳುವ ಗಟ್ಟಿ ಸದ್ದು ಕೇಳುತ್ತದೆ. ನೀರಿನ ಸದ್ದು ಇದ್ದರೆ ಇನ್ನೂ ಕಾಯಬೇಕು. ಹಣದ ಅವಸರಕ್ಕೆ ಬೇಗ ಒಡೆದ ಕೊಬ್ಬರಿಯಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ಶೇಕಡ 7ನ್ನು ಮೀರುವಂತಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಕೊಳ್ಳುವವರು ಉಂಡೆಯ ಗಾತ್ರ, ಒಡಕಿಲ್ಲದ ಮೈ, ಕತ್ತರಿಸಿದಾಗ ಕಾಣುವ ಬಿಳುಪು ಇವುಗಳನ್ನು ನೋಡುತ್ತಾರೆ. ಕೌಟು ವಾಸನೆ ಇದೆಯೇ ಎಂದು ಮೂಸುತ್ತಾರೆ.

ಚೀಲದ ಬಾಯಲ್ಲಿ ನಾಲ್ಕು ಕೆಟ್ಟ ಉಂಡೆ ಕಂಡರೆ ಕೊಳ್ಳುವವರು ಇಡೀ ಚೀಲವನ್ನೇ ಅನುಮಾನಿಸುತ್ತಾರೆ. ವರ್ಷವಿಡೀ ಅಟ್ಟದಲ್ಲಿ ಕಾದ ಶ್ರಮಕ್ಕೆ ತಕ್ಕ ಬೆಲೆ ಸಿಗುವುದಿಲ್ಲ. ಆದ್ದರಿಂದ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ ಒಡೆಯುವುದು, ದಪ್ಪ, ಸಣ್ಣ, ಒಡಕು ಉಂಡೆಗಳನ್ನು ಮನೆಯಲ್ಲಿಯೇ ಬೇರ್ಪಡಿಸುವುದು ಲಾಭದಾಯಕ. ಕೊಳ್ಳುವವರು ಮಾಡುವ ಪರೀಕ್ಷೆಯನ್ನು ರೈತರು ಮೊದಲೇ ಮಾಡಿಕೊಳ್ಳುವುದು ಲೇಸು.