ಆರಕ್ಕೇರಿ ಒಂದಕ್ಕಿಳಿಯುವ ಸಂಖ್ಯೆ

ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ ಎಂದು ನಾವು ಸಂಸಾರವನ್ನು ಕುರಿತು ಹೇಳುವುದುಂಟು. ಆರಕ್ಕೇರಿ, ಮೂರನ್ನೂ ದಾಟಿ ಒಂದಕ್ಕೆ ಇಳಿಯುವ ಸಂಖ್ಯೆಯೊಂದಿದೆ: ೧೨೩೪೫೬೫೪೩೨೧. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಸುಮಾರು ಕ್ರಿ. ಶ. ೮೫೦ರಲ್ಲಿ ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇದು ಬರುತ್ತದೆ. ಗ್ರಂಥದ ಮೊದಲಲ್ಲಿ ಆತನು ಹೊಗಳಿರುವ ದೊರೆ ರಾಷ್ಟ್ರಕೂಟರ ಅಮೋಘವರ್ಷ. 'ಕವಿರಾಜಮಾರ್ಗ'ದೊಡನೆ ನಾವು ನೆನೆಯುವ ಅದೇ ನೃಪತುಂಗ. ಗ್ರಂಥವೇನೋ ಸಂಸ್ಕೃತದಲ್ಲಿದೆ; ಆದುದರಿಂದ ಪರವೂರಿನಲ್ಲಿ ಕುಳಿತು ಮೀಸೆ ತಿರುವಲು ನಮಗೆ ಪೂರ್ತಿ ಹಕ್ಕಿಲ್ಲ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಹೊರತಂದರು.

ಆಚಾರ್ಯನು ಕೊಡುವ ಲೆಕ್ಕ ಇಷ್ಟೇ: ೨೭೯೯೪೬೮೧ನ್ನು ೪೪೧ರಿಂದ ಗುಣಿಸಿರಿ. ಉತ್ತರ ನಮ್ಮ ಸಂಖ್ಯೆ. ಇದನ್ನು ಕಂಡ ಮಗು ಇಂದ್ರಜಾಲವೆಂದು ಕೂಗುವುದು ಸಹಜ. ದೊಡ್ಡವರಾದ ನಾವೂ ಅಲ್ಲಿಗೇ ನಿಲ್ಲಿಸಿ, ಪ್ರಾಚೀನರ ಮಹಿಮೆಗೆ ಕೈಮುಗಿದುಬಿಡುತ್ತೇವೆ. ಅದು ಮಹಾವೀರಾಚಾರ್ಯನಿಗೆ ಮಾಡುವ ಅನ್ಯಾಯವೆಂದೇ ನಮಗೆ ತೋರುತ್ತದೆ. ಕಾರಣವು ಹಲಗೆಯ ಮೇಲೆಯೇ ಕಾಣುವಂತಹುದು.

ಆರು ಒಂದುಗಳ ೧೧೧೧೧೧ನ್ನು ಅದರಿಂದಲೇ ಗುಣಿಸಿ ನೋಡಿರಿ. ಅದೇ ಸಾಲು ಆರು ಸಲ, ಪ್ರತಿಸಲವೂ ಒಂದು ಮನೆ ಎಡಕ್ಕೆ ಸರಿದು ಬೀಳುತ್ತದೆ. ಕೂಡಿಸಿದರೆ ಬಲತುದಿಯ ಮನೆಯಲ್ಲಿ ಒಂದು, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಅಲ್ಲಿಂದಾಚೆಗೆ ಇಳಿತ. ಯಾವ ಮನೆಯ ಮೊತ್ತವೂ ಹತ್ತನ್ನು ಮುಟ್ಟದ್ದರಿಂದ ಎಡಮನೆಗೆ ಒಯ್ಯುವುದೇನೂ ಇಲ್ಲ. ಬಂದದ್ದು ಅದೇ ಸಂಖ್ಯೆ.

ಇನ್ನು ೧೧೧೧೧೧ನ್ನು ಒಡೆದರೆ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳು ಸಿಗುತ್ತವೆ. ಮೂರೇಳ್ಲ ಇಪ್ಪತ್ತೊಂದು, ಅದರ ವರ್ಗವೇ ೪೪೧. ಉಳಿದ ಮೂರರ ಗುಣಲಬ್ಧ ೫೨೯೧. ಅದರ ವರ್ಗವೇ ೨೭೯೯೪೬೮೧! ಮೊದಲು ಅಂದಗೇಡಿಯಾಗಿ ಕಂಡ ಸಂಖ್ಯೆಗೂ ಒಂದು ಮನೆತನವಿದೆಯಲ್ಲವೇ? ಈ ಐದರಲ್ಲಿ ಒಂದೊಂದನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ನಮ್ಮ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವವು, ಒಂದನ್ನೂ ಅದನ್ನೂ ಸೇರಿಸಿ, ೨೪೩.

ಒಂದುಗಳು ಒಂಬತ್ತಾಗುವವರೆಗೆ ಈ ಏರಿಳಿತ ಸರಾಗವಾಗಿ ನಡೆಯುತ್ತದೆ. ಹತ್ತು ಒಂದುಗಳನ್ನು ಹಿಡಿದರೆ ನಡುವಿನ ಮನೆ ಹತ್ತಾಗುತ್ತದೆ. ಅದರ ಒಂದು ಎಡದ ಒಂಬತ್ತಕ್ಕೆ ಸೇರಿ ಅದೂ ಹತ್ತಾಗುತ್ತದೆ. ಅದರಾಚೆಯ ಎಂಟು ಒಂಬತ್ತಾಗುತ್ತದೆ. ಉತ್ತರ ೧೨೩೪೫೬೭೯೦೦೯೮೭೬೫೪೩೨೧. ಏರುವ ದಾರಿಯಲ್ಲಿ ಎಂಟೇ ಮಾಯ! ಆಚಾರ್ಯನ ಇನ್ನೊಂದು ಲೆಕ್ಕದಲ್ಲಿಯೂ ಎಂಟಿಲ್ಲ: ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಬರುತ್ತವೆ. ಇದೇಕೆ ಹೀಗೆಂಬುದನ್ನು ಮಕ್ಕಳೇ ಕಾಗದ ಪೆನ್ಸಿಲು ಹಿಡಿದು ಕಂಡುಕೊಳ್ಳಲಿ. ಅಷ್ಟು ಹೊತ್ತು ಮೊಬೈಲು ನಮ್ಮ ಹತ್ತಿರವೇ ಇರಲಿ.