ಷಟರಿಗೆ ಎರಡು ಬೀಗ, ವೈಫೈಗೆ ಒಂದೂ ಇಲ್ಲ!

ದಾವಣಗೆರೆ: ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಂಡಿಪೇಟೆ, ಚೌಕಿಪೇಟೆ ಕಡೆ ಒಂದು ಸುತ್ತು ಹಾಕಿ ನೋಡಿ. ಷಟರು ಎಳೆಯುವ ಸದ್ದು, ಬೀಗ ಜಗ್ಗುವ ಸದ್ದು. ನಾಲ್ಕು ಹೆಜ್ಜೆ ಹೋಗಿ ಅನುಮಾನ ಬಂದು, ತಿರುಗಿ ಬಂದು ಇನ್ನೊಮ್ಮೆ ಜಗ್ಗುವವರೂ ಉಂಟು. ವ್ಯಾಪಾರಸ್ಥರ ಜಾಗ್ರತೆ ಅಂದರೆ ಹಾಗೇ ಇರಬೇಕು ಬಿಡಿ. ಆದರೆ ಒಳಗೆ, ಗಲ್ಲಾಪೆಟ್ಟಿಗೆ ಮೇಲಿನ ಹಲಗೆಯಲ್ಲಿ, ದೇವರ ಫೋಟೋದ ಪಕ್ಕ ಹಸಿರು ದೀಪ ಮಿಣುಕಿಸುತ್ತ ಕೂತಿರುವ ಪುಟ್ಟ ಡಬ್ಬಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬೀಗ ಬಿದ್ದ ಮೇಲೂ ಆ ಡಬ್ಬಿಯ ಅಂಗಡಿ ತೆರೆದೇ ಇರುತ್ತದೆ. ಗೋಡೆ ದಾಟಿ, ಷಟರು ದಾಟಿ, ಎದುರು ಕಟ್ಟೆಯ ಮೇಲೆ ಕೂತವನ ಮೊಬೈಲಿನವರೆಗೂ ಅದರ ಅಲೆ ಹೋಗುತ್ತದೆ.

ಅದೇ ವೈಫೈ ರೂಟರು. ಇವತ್ತು ದಿನಸಿ ಅಂಗಡಿ, ಮೆಡಿಕಲ್ ಶಾಪು, ಜೆರಾಕ್ಸ್ ಅಂಗಡಿ, ಬೆಣ್ಣೆದೋಸೆ ಹೋಟೆಲು ಎಲ್ಲೆಲ್ಲೂ ಅದು ಬಂದು ಕೂತಿದೆ. ಬಿಲ್ಲು ಹಾಕುವ ಕಂಪ್ಯೂಟರು, ಜಿಎಸ್‌ಟಿ ಲೆಕ್ಕ, ಸಿಸಿ ಕ್ಯಾಮೆರಾ, ಮಗನ ಮೊಬೈಲು, ಎಲ್ಲಕ್ಕೂ ಅದೊಂದೇ ಬಾಗಿಲು.

ಈ ಬಾಗಿಲಿನ ಬೀಗದ ಕೈ ಎಲ್ಲಿದೆ? "ಪಾಸ್‌ವರ್ಡ್ ಏನ್ರೀ ಸಾವ್ಕಾರ್ರೇ?" ಅಂತ ಗಿರಾಕಿ ಕೇಳುತ್ತಾನೆ. "ಬೋರ್ಡಿನ ಮ್ಯಾಲೆ ಐತಲ್ಲಪ್ಪ, ನಮ್ಮ ಫೋನ್ ನಂಬರೇ" ಅಂತ ಗಲ್ಲಾದಿಂದ ಉತ್ತರ ಬರುತ್ತದೆ. ಬೀಗದ ಕೈಯನ್ನು ಪೇಂಟರ್ ಕರೆಸಿ, ದುಡ್ಡು ಕೊಟ್ಟು, ಎರಡಡಿ ಅಕ್ಷರದಲ್ಲಿ ಬರೆಸಿ, ರಾತ್ರಿ ಟ್ಯೂಬ್‌ಲೈಟ್ ಬೇರೆ ಹಾಕಿಸಿದಂತೆ! ಬೋರ್ಡಿನಲ್ಲಿ ಇಲ್ಲದ ನಂಬರೇ ಆದರೂ, ಬರೀ ಹತ್ತು ಅಂಕಿಯ ಪಾಸ್‌ವರ್ಡನ್ನು ಒಂದೊಂದಾಗಿ ಊಹಿಸಿ ತೆಗೆಯಲು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಕೆಲವು ಗಂಟೆ ಸಾಕು.

"ಕದ್ದರೆ ಏನ್ ಕದೀತಾರ್ರೀ, ನಾಕು ಸಿನಿಮಾ ನೋಡ್ಕೋತಾರೆ, ನೋಡ್ಲಿ ಬಿಡ್ರೀ" ಎನ್ನುವ ಉದಾರಿಗಳು ನಮ್ಮೂರಲ್ಲಿ ಬಹಳ. ಅಂಥವರು ಮುಂಬೈ ಕತೆಯನ್ನು ಒಮ್ಮೆ ಕೇಳಬೇಕು.

ಕಳಿಸಿದವ ಯಾರೋ, ಪೊಲೀಸರು ಬಂದದ್ದು ಯಾರ ಮನೆಗೋ

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಟಿವಿ ಚಾನೆಲ್‌ಗಳಿಗೆ ಬೆದರಿಕೆಯ ಇ-ಮೇಲ್ ಹೋಗಿತ್ತು. ಪೊಲೀಸರು ಜಾಡು ಹಿಡಿದು ಹೋದರೆ ಸಿಕ್ಕಿದ್ದು ನವಿ ಮುಂಬೈನ ಒಂದು ಫ್ಲ್ಯಾಟು. ಅಲ್ಲಿ ಬಾಡಿಗೆಗಿದ್ದ ಅಮೆರಿಕದ ಪ್ರಜೆಯೊಬ್ಬರ ವೈಫೈಗೆ ಬೀಗವೇ ಇರಲಿಲ್ಲ. ಹೊರಗೆ ನಿಂತ ಯಾರೋ ಅದನ್ನು ಹಿಡಿದು ಮೇಲ್ ಕಳಿಸಿ ಹೋಗಿದ್ದರು. ಆ ಮನುಷ್ಯನಿಗೆ ವಿಚಾರಣೆ ತಪ್ಪಲಿಲ್ಲ, ಕಂಪ್ಯೂಟರು ಪೊಲೀಸರ ವಶವಾಯಿತು. ಸೆಪ್ಟೆಂಬರ್ 13ರಂದು ದೆಹಲಿಯಲ್ಲಿ ಸ್ಫೋಟವಾದಾಗ ಬಂದ ಮೇಲ್‌ನ ಜಾಡು ಮುಂಬೈ ಚೆಂಬೂರಿನ ಒಂದು ಖಾಸಗಿ ಕಂಪನಿಯ ಆಫೀಸಿಗೆ ಮುಟ್ಟಿತು. ಅಲ್ಲಿಯೂ ಕಂಪನಿಯವರಿಗೆ ಗೊತ್ತಿಲ್ಲದೆ ಅವರ ವೈಫೈ ಬಳಕೆಯಾಗಿತ್ತು.

ಮರುವರ್ಷ ಜನವರಿಯಲ್ಲಿ ಮುಂಬೈ ಪೊಲೀಸರು ಬೀಗವಿಲ್ಲದ ವೈಫೈ ಹುಡುಕುತ್ತ ಬೀದಿಗಿಳಿದರು. 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಸಾರ್ವಜನಿಕರಿಗೆ ವೈಫೈ ಕೊಡುವ ಕಡೆ ಬಳಸುವವನ ಗುರುತಿನ ಚೀಟಿಯ ನಕಲು ಇರಬೇಕು, ಇಲ್ಲವೇ ಅವನ ಮೊಬೈಲಿಗೆ ಸಂದೇಶ ಕಳಿಸಿ ಅದರ ಮೂಲಕವೇ ಒಳಬಿಡಬೇಕು ಎಂಬುದು ಅದರ ಸಾರ. ರೈಲ್ವೆ ಸ್ಟೇಷನ್ನಿನ ವೈಫೈ ನಿಮ್ಮ ನಂಬರು ಕೇಳಿ ಓಟಿಪಿ ಕಳಿಸುವುದು ಸುಮ್ಮನೆ ಸತಾಯಿಸಲಿಕ್ಕಲ್ಲ ಸ್ವಾಮೀ!

ಗಮನಿಸಬೇಕಾದದ್ದು ಇಷ್ಟೇ. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ, ತಿಂಗಳ ಬಿಲ್ಲು ಯಾರ ಹೆಸರಿಗೆ ಬರುತ್ತದೆಯೋ, ಮೊದಲು ಬಾಗಿಲು ತಟ್ಟುವುದು ಅವರದ್ದನ್ನೇ. ಆಮೇಲೆ ನಿರಪರಾಧಿ ಎಂದು ಸಾಬೀತಾಗಬಹುದು. ಆದರೆ ಅಷ್ಟರೊಳಗೆ ಬಿಲ್ಲಿಂಗ್ ಕಂಪ್ಯೂಟರು ಠಾಣೆ ಸೇರಿದ್ದರೆ ವ್ಯಾಪಾರದ ಗತಿ ಏನು? ಬೀದಿಯವರ ಬಾಯಿಗೆ ಬೀಗ ಹಾಕುವವರು ಯಾರು?

ಸುಳ್ಳು ಹೆದರಿಕೆಯೂ ಬೇಡ

ಹಾಗಂತ ವೈಫೈ ಅಂದರೆ ಭೂತ ಎಂದು ಬೆಚ್ಚಬೇಕಾಗಿಲ್ಲ. "ವೈಫೈನಾಗೆ ಫೋನ್‌ಪೇ ಮಾಡಿದ್ರೆ ಪಿನ್ ಕದೀತಾರಂತೆ" ಎಂಬ ಮಾತು ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಕೇಳಿಬರುತ್ತದೆ. ಯುಪಿಐ ಪಿನ್ ಫೋನಿನೊಳಗೇ ಗೂಢಲಿಪಿಯಾಗಿ ಹೊರಡುತ್ತದೆ, ದಾರಿಯಲ್ಲಿ ಹಿಡಿದವನಿಗೆ ಅದು ಅರ್ಥವಾಗದು. ಕೌಂಟರಿನ ಮೇಲಿನ ಕ್ಯೂಆರ್ ಚೀಟಿಗೂ ರೂಟರಿಗೂ ಸಂಬಂಧವೇ ಇಲ್ಲ. ಬಸ್ಸಿಗೆ ಕಾಯುತ್ತ ಪುಕ್ಕಟೆ ವೈಫೈ ಹಿಡಿಯುವವರು ಎಚ್ಚರ ಪಡಬೇಕಾದದ್ದು ಬೇರೆ ಕಡೆ. ಹೋಟೆಲಿನ ಹೆಸರನ್ನೇ ಇಟ್ಟುಕೊಂಡು ಪಕ್ಕದಲ್ಲಿ ಕೂತವನೂ ತನ್ನ ಫೋನಿನಿಂದ ವೈಫೈ ಬಿಡಬಹುದು. ಮೊಬೈಲ್ ನಂಬರು ಕೇಳಿದರೆ ಸರಿ, ಎಟಿಎಂ ಕಾರ್ಡಿನ ನಂಬರು, ಯುಪಿಐ ಪಿನ್ ಕೇಳಿದರೆ ಫೋನು ಜೇಬಿಗೆ ಇಳಿಸಿ ಬಸ್ಸು ಬಂತಾ ನೋಡುವುದೇ ಲೇಸು.

ಅಂಗಡಿಯವರ ನಿಜವಾದ ಅಪಾಯ ಒಳಗಡೆಯದು. ಗಿರಾಕಿಗೂ ಬಿಲ್ಲಿಂಗ್ ಕಂಪ್ಯೂಟರಿಗೂ ಒಂದೇ ವೈಫೈ ಎಂದಾದರೆ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದಂತೆ. ಟ್ಯಾಲಿ ಲೆಕ್ಕ ಇಟ್ಟ ಫೋಲ್ಡರನ್ನು ಗುಮಾಸ್ತರ ಅನುಕೂಲಕ್ಕೆ 'ಶೇರ್' ಮಾಡಿಟ್ಟಿದ್ದರೆ ಕಾಫಿ ಕುಡಿಯಲು ಬಂದವನೂ ಅದನ್ನು ಇಣುಕಬಹುದು. ಹೋಟೆಲಿನಲ್ಲಿ ಗಿರಾಕಿಯನ್ನು ಕೈ ತೊಳೆಯುವ ನಲ್ಲಿಯ ತನಕ ಬಿಡುತ್ತೀರಿ, ಅಡುಗೆಮನೆಗೆ ಬಿಡುತ್ತೀರಾ? ಬಹುತೇಕ ರೂಟರುಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಎಂಬ ಸೌಕರ್ಯ ಇರುತ್ತದೆ. ಅದನ್ನು ಚಾಲೂ ಮಾಡಿದರೆ ಬಂದವರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡು. ಅಡುಗೆಮನೆ ಬಾಗಿಲು ಬಂದ್.

"ನಮ್ಮಂಥ ಸಣ್ಣ ಅಂಗಡೀಗೆ ಯಾವ ಕಳ್ಳ ಬರ್ತಾನ್ರೀ?" ಎನ್ನುವವರಿಗೆ 2016ರ 'ಮಿರಾಯ್' ಉತ್ತರ. ಅದೊಂದು ತಾನೇ ಹರಡುವ ಕಳ್ಳ ಪ್ರೋಗ್ರಾಮು. ಕಂಪನಿಯವರು ಕಾರ್ಖಾನೆಯಲ್ಲೇ ಇಟ್ಟು ಕಳಿಸಿದ 'ಅಡ್ಮಿನ್-ಅಡ್ಮಿನ್' ಥರದ ಅರವತ್ತರಷ್ಟು ಪಾಸ್‌ವರ್ಡುಗಳನ್ನು ಹಿಡಿದು ಲೋಕದ ತುಂಬ ಕ್ಯಾಮೆರಾ, ರೂಟರುಗಳ ಬಾಗಿಲು ತಟ್ಟುತ್ತ ಹೋಯಿತು. ಬಾಗಿಲು ತೆರೆದದ್ದೆಲ್ಲ ಅದರ ಆಳು. ಆ ಆಳುಗಳ ದಂಡಿನಿಂದಲೇ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತೆರೆಯದಂತಾಯಿತು. ಯಂತ್ರಕ್ಕೆ ಅಂಗಡಿ ಸಣ್ಣದೋ ದೊಡ್ಡದೋ ಎಂಬ ಭೇದವಿಲ್ಲ ಮಾರಾಯರೇ.

ದೊಡ್ಡ ಅಂಗಡಿಯವರೂ ಜಾಣರೇನಲ್ಲ. ಅಮೆರಿಕದ ಟಿಜೆಎಕ್ಸ್ ಎಂಬ ಭಾರೀ ಕಂಪನಿಯ ಬಟ್ಟೆ ಮಳಿಗೆಗಳ ವೈಫೈಗೆ ಇದ್ದದ್ದು 'ವೆಪ್' ಎಂಬ ಹಳೇ ಬೀಗ. ಅದು ಮುರಿಯುವ ಬೀಗ ಎಂದು 2001ರಲ್ಲೇ ಜಗಜ್ಜಾಹೀರಾಗಿತ್ತು. ಕಳ್ಳರು ಮಳಿಗೆಯ ಹೊರಗೆ ಕೂತು ಒಳಹೊಕ್ಕರು. ನಾಲ್ಕೂವರೆ ಕೋಟಿಗೂ ಹೆಚ್ಚು ಕಾರ್ಡುಗಳ ವಿವರ ಹೋಯಿತೆಂದು 2007ರಲ್ಲಿ ಕಂಪನಿ ಒಪ್ಪಿತು. ಮುಖ್ಯ ಆರೋಪಿಗೆ 2010ರಲ್ಲಿ 20 ವರ್ಷ ಜೈಲಾಯಿತು.

ಹತ್ತು ನಿಮಿಷದ ಕೆಲಸ

ಮಾಡಬೇಕಾದದ್ದಕ್ಕೆ ಇಂಜಿನಿಯರ್ ಬೇಕಿಲ್ಲ. ಕನೆಕ್ಷನ್ ಕೊಟ್ಟ ಹುಡುಗನನ್ನು ಕರೆದು ಚಹಾ ಕುಡಿಸಿ, "ತಮ್ಮಾ, ರೂಟರಿನ ಅಡ್ಮಿನ್ ಪಾಸ್‌ವರ್ಡ್ ನನ್ನ ಮುಂದೇನೇ ಬದಲಿಸು" ಅನ್ನಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರಿನ ಒಳಗಿನ ತಿಜೋರಿಯ ಕೈ. ರೂಟರಿನ ಅಡಿಯ ಚೀಟಿಯಲ್ಲಿ 192.168.1.1 ಎಂಬಂಥ ವಿಳಾಸ ಇರುತ್ತದೆ, ಅಲ್ಲಿಗೆ ಹೋಗಿ ಬದಲಿಸುವುದು. ಬೀಗದ ಜಾತಿ 'ಡಬ್ಲ್ಯುಪಿಎ2' ಅಥವಾ 2018ರಲ್ಲಿ ಬಂದ 'ಡಬ್ಲ್ಯುಪಿಎ3' ಇರಲಿ. 'ಡಬ್ಲ್ಯುಪಿಎಸ್' ಎಂಬುದು ಚಾಲೂ ಇದ್ದರೆ ಆಫ್ ಮಾಡಿಸಿ, ಅದರ ಎಂಟಂಕಿ ಪಿನ್ನಿನಲ್ಲಿ ಭಾರೀ ತೂತು ಇದೆ ಎಂದು 2011ರಲ್ಲೇ ಬಯಲಾಗಿದೆ. ಪಾಸ್‌ವರ್ಡಿಗೆ ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ. ಹುಣಸೆಹಣ್ಣು, ಸೈಕಲ್ಲು, ಅತ್ತೆಮನೆ, ಗುರುವಾರ. ನೆನಪಿಡಲು ಸುಲಭ, ಊಹಿಸಲು ಕಷ್ಟ. ಕ್ಯಾಮೆರಾದ ಪಾಸ್‌ವರ್ಡೂ ಅದೇ ದಿನ ಬದಲಾಗಲಿ.

ಕೆಲಸದ ಹುಡುಗ ಬಿಟ್ಟು ಹೋದ ದಿನ ಷಟರಿನ ಕೀಲಿಕೈ ವಾಪಸ್ ಇಸಿದುಕೊಳ್ಳುತ್ತೀರಲ್ಲ, ಆವತ್ತೇ ವೈಫೈದೂ ಬದಲಿಸಿ. "ಪಾಸ್‌ವರ್ಡ್ ಹೇಳಲ್ಲ, ಸ್ಕ್ಯಾನ್ ಮಾಡ್ಕೋ" ಎನ್ನುವುದೂ ರಕ್ಷಣೆಯಲ್ಲ. ಎಷ್ಟೋ ಫೋನುಗಳಲ್ಲಿ ಆ ಕ್ಯೂಆರ್ ಚಿತ್ರದ ಕೆಳಗೇ ಪಾಸ್‌ವರ್ಡ್ ಮೂಡುತ್ತದೆ.

ಗಿರಾಕಿಗಳಿಗೆ ವೈಫೈ ಕೊಡಲೇಬೇಕು ಎನ್ನುವ ಹೋಟೆಲಿನವರಿಗೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಪಿಎಂ-ವಾಣಿ' ಯೋಜನೆ ಇದೆ. ಅದರಡಿ ಸಣ್ಣ ಅಂಗಡಿಯೂ ಲೈಸೆನ್ಸ್, ನೋಂದಣಿ ಶುಲ್ಕ ಇಲ್ಲದೆ ವೈಫೈ ಮಾರಬಹುದು. ಬಳಸುವವರು ಯಾರೆಂಬ ಲೆಕ್ಕ ಇಡುವ ಜವಾಬ್ದಾರಿ ಯೋಜನೆಯ ವ್ಯವಸ್ಥೆಗೆ ಸೇರುತ್ತದೆ.

ಇನ್ನು ಹಣವೇ ಹೋಯಿತು ಎಂದಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ರೂಟರನ್ನು ಮಾತ್ರ ಗಿರಾಕಿಯ ಕೈಗೆಟುಕದ ಕಡೆ ಇಡಿ. ಅದರ ಹಿಂದಿನ ಸಣ್ಣ ತೂತಿಗೆ ಗುಂಡುಪಿನ್ನು ಚುಚ್ಚಿ ಹತ್ತು ಸೆಕೆಂಡು ಒತ್ತಿ ಹಿಡಿದರೆ ನೀವು ಹಾಕಿದ ಪಾಸ್‌ವರ್ಡೆಲ್ಲ ಅಳಿಸಿ, ಅದು ಮತ್ತೆ ಕಂಪನಿಯ ಹಳೇ ಪಾಸ್‌ವರ್ಡಿಗೇ ಹೋಗಿ ಕೂರುತ್ತದೆ.