ಎಂಟರ್ ಒತ್ತಿದರೆ ಕುದುರೆ ಒದೆಯುತ್ತದೆ!

ಸೈನಿಕನೊಬ್ಬ ಸತ್ತ. ಯುದ್ಧದಲ್ಲಲ್ಲ. ಕುದುರೆ ಒದ್ದು! ಮುಂದಿನ ಸರದಿ ಯಾರದು, ಯಾವ ವರ್ಷ? ಬ್ರಹ್ಮನಿಗೂ ಗೊತ್ತಿಲ್ಲ. ಇಂಥ ತಲೆಬುಡವಿಲ್ಲದ ಸಾವಿಗೂ ಲೆಕ್ಕ ಇದೆಯೇ?

ಇದೆ ಸ್ವಾಮಿ, ಇದೆ!

1898ರಲ್ಲಿ ಬೋರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ ಪ್ರಷ್ಯಾ ಸೇನೆಯ ಕಡತಗಳಿಂದ ಇದನ್ನೇ ಎಣಿಸಿ ಅಚ್ಚು ಹಾಕಿಸಿದ. ಎಣಿಸಲು ಎಂಥೆಂಥ ವಸ್ತು ಸಿಗುತ್ತದೆ ನೋಡಿ ಇವರಿಗೆ! ಪ್ರಸಿದ್ಧವಾದ ಪಟ್ಟಿಯಲ್ಲಿ 10 ದಳ, 20 ವರ್ಷ. ಒಟ್ಟು 200 ಖಾನೆ. ಸಾವು 122. ಖಾನೆಗೆ ಸರಾಸರಿ 0.61.

ಈಗ ನೀವು ಹೇಳಿ. ಒಂದೂ ಸಾವಿಲ್ಲದ ಖಾನೆಗಳೆಷ್ಟು? ಮುಂದೆ ಓದಬೇಡಿ, ಊಹಿಸಿ!

ಅಷ್ಟರಲ್ಲಿ ನಾನು ಕಂಪ್ಯೂಟರಿನಲ್ಲಿ ‘ಆರ್’ ತಂತ್ರಾಂಶ ತೆರೆಯುತ್ತೇನೆ. ಬಿಟ್ಟಿ ಸಿಗುತ್ತದೆ. ‘ಆರ್‌ಪಾಯ್ಸ್’ ಎಂದು ಟೈಪಿಸಿ, ಕಂಸದೊಳಗೆ 200, 0.61. ಎಂಟರ್!

ಪುಟಪುಟನೆ ಉದುರಿದವು ನೋಡಿ: ಸೊನ್ನೆ, ಸೊನ್ನೆ, ಒಂದು, ಸೊನ್ನೆ, ಎರಡು... ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ವರ್ಷದ ಒದೆ! ಕುದುರೆ ಎಂದರೇನೆಂದೇ ಅದಕ್ಕೆ ತಿಳಿಯದು. ಕೊಟ್ಟದ್ದು ಒಂದು ಸರಾಸರಿ, ಅಷ್ಟೇ!

ಸರಾಸರಿಯೊಂದರಿಂದಲೇ ಇಂಥ ಅಪರೂಪದ ಘಟನೆಗಳನ್ನು ಲೆಕ್ಕ ಹಾಕುವ ಪಾಯ್ಸಾನ್ ಸೂತ್ರದ ಪ್ರಕಾರ ಸೊನ್ನೆಗಳು 108.7 ಇರಬೇಕು. ಪ್ರಷ್ಯಾದಲ್ಲಿ ಇದ್ದದ್ದು? 109! ಒಂದು ಸಾವಿನ ಖಾನೆ ಸೂತ್ರದಲ್ಲಿ 66.3, ದಾಖಲೆಯಲ್ಲಿ 65. ಮೈ ಜುಮ್ಮೆನ್ನಲಿಲ್ಲವೇ?

ಒಳಗೆ ನಡೆಯುವುದಾದರೂ ಏನು? ಸೊನ್ನೆಯಿಂದ ಒಂದರವರೆಗಿನ ಒಂದು ಅಡಿಕೋಲು ಎಂದುಕೊಳ್ಳಿ. ಸೂತ್ರ ಕೊಟ್ಟ ಪಾಲಿನಂತೆ 0.543ರಲ್ಲಿ ಗೀಟು. 0.875ರಲ್ಲಿ ಇನ್ನೊಂದು. 0.976ರಲ್ಲಿ ಮತ್ತೊಂದು. ಕಣ್ಣು ಮುಚ್ಚಿ ಕಾಳು ಎಸೆಯಿರಿ. ಮೊದಲ ಗೀಟಿನೊಳಗೆ ಬಿತ್ತೇ? ಆ ವರ್ಷ ಎಲ್ಲರೂ ಕ್ಷೇಮ. ದಾಟಿತೇ? ಒಬ್ಬ ಹೋದ. ಇನ್ನೂ ದಾಟಿತೇ? ಇಬ್ಬರು! ಹೀಗೆ ಇನ್ನೂರು ಕಾಳು.

ಕಾಳು ಎಸೆಯುವವರು ಯಾರು? ಇಲ್ಲಿದೆ ನೋಡಿ ಭಾರಿ ಮೋಜು! ಕಂಪ್ಯೂಟರಿಗೆ ಕಣ್ಣು ಮುಚ್ಚಲು ಬರುವುದೇ ಇಲ್ಲ. ಅದರ ‘ಯಾದೃಚ್ಛಿಕ’ ಸಂಖ್ಯೆಗಳೆಲ್ಲ ಪಕ್ಕಾ ಲೆಕ್ಕಾಚಾರ! ‘ಆರ್’ ತಾನಾಗಿ ಬಳಸುವುದು ಮಾತ್ಸುಮೊತೊ, ನಿಶಿಮುರಾ ಎಂಬ ಇಬ್ಬರು ಜಪಾನೀಯರ ‘ಮರ್ಸೆನ್ ಟ್ವಿಸ್ಟರ್’ ಎಂಬ ವಿಧಾನ. ಅದರ ಸರಣಿ ಒಂದು ಸುತ್ತು ಮುಗಿಸಿ ಮರಳಿ ಮೊದಲಿಗೆ ಬರಲು ಎಷ್ಟು ಹೆಜ್ಜೆ? ಕೋಟಿ? ಕೋಟಿ ಕೋಟಿ? ಆ ಸಂಖ್ಯೆಯನ್ನು ಬರೆಯಲಿಕ್ಕೇ 6002 ಅಂಕಿ ಬೇಕು!

ಹೊರಡುವ ಜಾಗವನ್ನೂ ನೀವೇ ಗೊತ್ತುಮಾಡಬಹುದು. ‘ಸೆಟ್ ಸೀಡ್’ ಎಂದು ಒಂದು ಬೀಜ ಬಿತ್ತಿ. ನಾಳೆ ಅದನ್ನೇ ಬಿತ್ತಿದರೆ ಅವೇ ಒದೆಗಳು, ಅದೇ ಸಾಲಿನಲ್ಲಿ! ಸಂಶೋಧಕರು ಬೀಜವನ್ನು ಬರೆದಿಟ್ಟುಕೊಳ್ಳುವುದು ಇದಕ್ಕೇ.

ಬಿತ್ತದಿದ್ದರೆ ಪ್ರತಿ ಸಲವೂ ಹೊಸ ಪ್ರಷ್ಯಾ. ಒಮ್ಮೆ 102 ಸೊನ್ನೆ, ಒಮ್ಮೆ 115. ಅಸಲಿ ದಾಖಲೆಯಲ್ಲಿ ನಾಲ್ವರು ಸತ್ತ ಖಾನೆ ಒಂದೇ ಒಂದು. ಇಲ್ಲಿ ನಾಲ್ಕೋ ಅದಕ್ಕೂ ಮೇಲೋ ಬರುವುದು ಹೆಚ್ಚುಕಡಿಮೆ ಎರಡು ಆಟಕ್ಕೊಮ್ಮೆ.

ಎಲ್ಲಿ, ಇನ್ನೊಮ್ಮೆ ಒತ್ತುತ್ತೇನೆ. ಸೊನ್ನೆ, ಒಂದು, ಸೊನ್ನೆ, ಸೊನ್ನೆ... ಬಂತು, ನಾಲ್ಕು!